ನೆತ್ತರ ಗುಳಿಗೆಯೂ ಮೊಣಕಾಲ ಬಾವೂ

ಮನುಷ್ಯನ ಶರೀರದಲ್ಲಿ ರಕ್ತದಷ್ಟು ವಿಚಿತ್ರವಾದ ಪದಾರ್ಥವು ಇನ್ನೊಂದು ಇರಲಿಕ್ಕಿಲ್ಲ. ಅದು ನಾಳಗಳೊಳಗೆ ಇರುವ ತನಕ ನೀರಿನಂತೆ ಹರಿಯುತ್ತಿರಬೇಕು. ನಾಳವು ಹರಿದು ಹೊರಬಿದ್ದ ಕೂಡಲೆ ಮೊಸರಿನಂತೆ ಹೆಪ್ಪುಗಟ್ಟಬೇಕು. ಈ ಎರಡು ಧರ್ಮಗಳಲ್ಲಿ ಯಾವುದೊಂದು ತಪ್ಪಿದರೂ ಜೀವಕ್ಕೆ ಅಪಾಯವೇ ಸರಿ. ಹರಿಯಬೇಕಾದ ಸ್ಥಳದಲ್ಲಿ ಹೆಪ್ಪುಗಟ್ಟಿತೆಂದರೆ ಪಾರ್ಶ್ವವಾಯುವೋ ಹೃದಯಾಘಾತವೋ ಬಂದೊದಗುವದು. ಹೆಪ್ಪುಗಟ್ಟಬೇಕಾದ ಸ್ಥಳದಲ್ಲಿ ಹರಿಯಿತೆಂದರೆ ಸ್ರಾವವು ನಿಲ್ಲದು. ಈ ತಕ್ಕಡಿಯನ್ನು ಒಂದು ಕಡೆಗೆ ಸ್ವಲ್ಪ ಬಾಗಿಸುವ ಔಷಧಗಳು ಈಗ ಅನೇಕ ಮನೆಗಳ ಮಾಡದಲ್ಲಿ ಸಕ್ಕರೆ ರೋಗದ ಗುಳಿಗೆಗಳ ಮಗ್ಗುಲಲ್ಲಿಯೇ ಬಂದು ಕುಳಿತಿವೆ. ಅವುಗಳಿಗೆ ಜನರು ಕೊಟ್ಟ ಹೆಸರು ‘ರಕ್ತ ತೆಳ್ಳಗೆ ಮಾಡುವ ಗುಳಿಗೆ.’

ಈ ಹೆಸರೇ ಮೊದಲನೆಯ ತೊಡಕು. ಈ ಗುಳಿಗೆಗಳು ಹಾಲಿಗೆ ನೀರು ಬೆರಸಿದಂತೆ ರಕ್ತವನ್ನು ತೆಳುಮಾಡುವದಿಲ್ಲ. ರಕ್ತದ ಬಣ್ಣವು ಮಾಸುವದಿಲ್ಲ, ಅದರೊಳಗಿನ ಸತ್ವವು ಕುಂದುವದಿಲ್ಲ. ಹೆಪ್ಪುಗಟ್ಟುವದಕ್ಕೆ ಹಿಡಿಯುವ ಸಮಯವು ಮಾತ್ರ ಹೆಚ್ಚುತ್ತದೆ. ಈ ಭೇದವನ್ನು ತಿಳಿಯದೆ, “ರಕ್ತವೆಲ್ಲ ನೀರಾಗಿ ಹೋದೀತು” ಎಂದು ಹೆದರಿ ಗುಳಿಗೆಯನ್ನು ನಡುವೆಯೇ ಬಿಟ್ಟವರೂ ಉಂಟು. ಅಶಕ್ತತೆ ಬಂದಿತೆಂದು ತಾವಾಗಿಯೇ ಅರ್ಧ ಮಾಡಿಕೊಂಡವರೂ ಉಂಟು. ಹಾಗೆ ಬಿಟ್ಟವರಲ್ಲಿ ಕೆಲವರಿಗೆ ಅದರ ಬೆಲೆಯು ಬಹು ದೊಡ್ಡದಾಯಿತು.

ಇಂಡಿ ತಾಲೂಕಿನಲ್ಲಿ ಭೀಮಾ ನದಿಯ ಕಡೆಗಿರುವ ಅಗರಖೇಡಕ್ಕೆ ನಮ್ಮ ಹಿರಿಯ ಅಕ್ಕನನ್ನು ಕೊಟ್ಟಿದೆ. ಜೋಳ ತೊಗರಿಗಳ ಹೊಲ, ಒಂದು ಸಣ್ಣ ಲಿಂಬೆಯ ತೋಟ, ತುಂಬಿದ ಮನೆ. ಚಿಕ್ಕಂದಿನಲ್ಲಿ ಅವಳಿಗೆ ಗಂಟಲು ನೋವಿನ ಬೆನ್ನಿಗೆ ಸಂಧಿಗಳು ಬಾತು ಜ್ವರ ಬಂದಿತ್ತಂತೆ. ಅದು ಸಂಧಿವಾತ ಜ್ವರವೆಂಬದು ಆಗ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಂಧಿಗಳು ನೆಟ್ಟಗಾದವು, ಮನೆಯವರು ಮರೆತರು. ಆದರೆ ಹೃದಯದ ಕವಾಟವು ಮರೆಯಲಿಲ್ಲ. ನಡುವಯಸ್ಸಿನಲ್ಲಿ ಏದುಸಿರು ಬಿಡಲಾರಂಭಿಸಿದಾಗ, ಕವಾಟವು ಬಿರುಸಾಗಿ ಕಿರಿದಾಗಿದೆ ಎಂದು ವೈದ್ಯರು ಹೇಳಿ, ಅದನ್ನು ತೆಗೆದು ಲೋಹದ ಕವಾಟವನ್ನು ಕೂಡ್ರಿಸಿದರು. ಅಂದಿನಿಂದ ದಿನಾಲು ರಾತ್ರಿ ಒಂದು ಗುಳಿಗೆ. ತಿಂಗಳಿಗೊಮ್ಮೆ ರಕ್ತದ ಪರೀಕ್ಷೆ.

ಕೆಲವು ವರ್ಷಗಳಿಂದ ಅವಳಿಗೆ ಮೊಣಕಾಲ ನೋವು. ನಾವು ಒಮ್ಮೆ ಹೋದಾಗ ಅವಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವು. “ತಮ್ಮಾ, ಈ ಗುಳಿಗಿ ನೆತ್ತರ ತೆಳ್ಳಗ ಮಾಡತೈತಿ ಅಂತಾರ ಡಾಕ್ಟರು. ನೆತ್ತರ ತೆಳ್ಳಗಾತಂದ್ರ ಮೊಣಕಾಲಾಗಿನ ಬಾವೂ ಕರಗಬೇಕಲ್ಲ? ಯಾಕ ಕರಗವಲ್ದು?”

ಶಾಲೆ ಕಾಣದ ಹೆಂಗಸಿನ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಪಂಡಿತರು ಇಂದಿಗೂ ಕೇಳುತ್ತಿದ್ದಾರೆ. ನಮ್ಮ ಊರುಗಳಲ್ಲಿ ಬಾವು ಎನ್ನುವದನ್ನು ಆಯುರ್ವೇದದವರು ಶೋಥವೆಂದರು. ಇಂದಿನ ವೈದ್ಯರು ಉರಿಯೂತವೆನ್ನುತ್ತಾರೆ. ಕೆಂಪು, ಬಿಸಿ, ಊತ, ನೋವು ಎಂಬ ನಾಲ್ಕು ಅದರ ಲಕ್ಷಣಗಳೆಂದು ರೋಮಿನ ಸೆಲ್ಸಸ್ ಎಂಬವನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟನು. ಗಾಯವಾದಲ್ಲಿ, ಸೋಂಕು ತಗಲಿದಲ್ಲಿ, ಶರೀರವು ಬಿಳಿಯ ರಕ್ತಕಣಗಳೆಂಬ ಕಾವಲುಗಾರರನ್ನು ಕಳುಹಿಸಿ ನಡೆಸುವ ಕಾದಾಟವೇ ಬಾವು. ಹೆಪ್ಪುಗಟ್ಟುವದೂ ಆ ಕಾದಾಟದ ಒಂದು ಅಂಗವೇ. ವೈರಿಯು ಮುಂದಕ್ಕೆ ಹೋಗದಂತೆ ಹಾಕಿದ ಬೇಲಿ.

ಕೆಳದರ್ಜೆಯ ಪ್ರಾಣಿಗಳಲ್ಲಿ ಈ ಎರಡೂ ಒಂದೇ ಕೆಲಸವಾಗಿರುವದನ್ನು ನೋಡಬಹುದು. ಕುದುರೆಲಾಳದ ಏಡಿಯೆಂಬ ಸಮುದ್ರಜೀವಿಯ ನೀಲಿಯ ರಕ್ತಕ್ಕೆ ರೋಗಾಣುಗಳ ವಿಷವು ಸೋಂಕಿದ ಕೂಡಲೆ ಅದು ಗಟ್ಟಿಯಾಗುವದೆಂದು ಫ್ರೆಡರಿಕ್ ಬ್ಯಾಂಗ್ ಎಂಬ ಅಮೇರಿಕೆಯ ವಿದ್ವಾಂಸನು ೧೯೫೬ರಲ್ಲಿ ತೋರಿಸಿದನು. ಮನುಷ್ಯನಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆಯಾಗಿ ಕಂಡರೂ ಬುಡದಲ್ಲಿ ಬೇರು ಒಂದಾಗಿದೆ. ಹೆಪ್ಪನ್ನು ಕಟ್ಟುವ ಥ್ರಾಂಬಿನ್ ಎಂಬ ದ್ರವ್ಯವೇ ನಾಳದ ಗೋಡೆಗಳಿಗೆ ಸುದ್ದಿಯನ್ನು ಮುಟ್ಟಿಸಿ ಬಿಳಿಯ ಕಣಗಳನ್ನು ಕರೆಯುತ್ತದೆ. ಬಿಳಿಯ ಕಣಗಳು ತಮ್ಮ ಸರದಿಯಲ್ಲಿ ಬಲೆಗಳನ್ನು ಬೀಸಿ ಹೆಪ್ಪನ್ನು ಬೆಳೆಸುತ್ತವೆ. ಹೀಗೆ ಬಾವು ಹೆಪ್ಪನ್ನೂ ಹೆಪ್ಪು ಬಾವನ್ನೂ ಹೆಚ್ಚಿಸುವದುಂಟು. ಆದುದರಿಂದ ಒಂದನ್ನು ತಡೆದರೆ ಇನ್ನೊಂದು ಇಳಿಯಬೇಕಲ್ಲವೇ ಎಂಬ ನಮ್ಮಕ್ಕನ ತರ್ಕವು ತರ್ಕವೇ ಹೌದು.

ನಮ್ಮ ಹಿರಿಯರ ಒಂದು ಚಿಕಿತ್ಸೆಯೂ ಈ ಮಾತಿಗೆ ಸಮೀಪದ್ದಾಗಿದೆ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗಳ ಮೇಲೆಯೇ ಒಂದು ಅಧ್ಯಾಯವಿದ್ದು, ಹನ್ನೆರಡು ಜಾತಿಗಳಲ್ಲಿ ಆರು ವಿಷದವು, ಆರು ನಿರ್ವಿಷವಾದವು ಎಂದು ಹೇಳಿದೆ. ಜಿಗಣೆಯು ಕಚ್ಚಿದ ಸ್ಥಳದಲ್ಲಿ ಬಹಳ ಹೊತ್ತು ರಕ್ತವು ಏಕೆ ಸುರಿಯುವದೆಂಬದನ್ನು ೧೮೮೪ರಲ್ಲಿ ಜಾನ್ ಹೇಕ್ರಾಫ್ಟ್ ಎಂಬವನು ಕಂಡುಹಿಡಿದನು. ಅದರ ಜೊಲ್ಲಿನಲ್ಲಿ ಹೆಪ್ಪನ್ನು ತಡೆಯುವ ದ್ರವ್ಯವಿದೆ. ಅದಕ್ಕೆ ಮುಂದೆ ಹಿರುಡಿನ್ ಎಂದು ಹೆಸರಾಯಿತು. ಅದೇ ಜೊಲ್ಲಿನಲ್ಲಿ ಬಾವನ್ನು ಶಮನಗೊಳಿಸುವ ಬೇರೆ ದ್ರವ್ಯಗಳೂ ದೊರೆತಿವೆ. ಜರ್ಮನಿಯಲ್ಲಿ ೨೦೦೩ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಮೊಣಕಾಲು ಸವೆದವರಿಗೆ ಜಿಗಣೆಯಿಂದ ಕೆಲವು ದಿನಗಳ ಮಟ್ಟಿಗೆ ನೋವು ಇಳಿದದ್ದುಂಟು. ಆದರೆ ವಾಚಕರು ಇಲ್ಲಿ ಎಚ್ಚರಿಕೆಯಿಂದ ಇರಬೇಕು: ರಕ್ತದ ಗುಳಿಗೆಯನ್ನು ತಿನ್ನುವವರಿಗೆ ಜಿಗಣೆಯನ್ನು ಹಚ್ಚುವದು ಎಂದಿಗೂ ಸಲ್ಲದು.

ಇನ್ನು ದವಾಖಾನೆಗಳಲ್ಲಿ ಸೂಜಿಯಿಂದ ಕೊಡುವ ಹೆಪಾರಿನ್ ಎಂಬದರ ಕಥೆಯನ್ನು ಕೇಳಿರಿ. ೧೯೧೬ರಲ್ಲಿ ಅಮೇರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಪೀಠದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯು ವಿಲಿಯಂ ಹೋವೆಲ್ ಎಂಬ ಗುರುವಿನ ಕೈಕೆಳಗೆ, ರಕ್ತವನ್ನು ಬೇಗನೆ ಹೆಪ್ಪುಗಟ್ಟಿಸುವ ದ್ರವ್ಯವನ್ನು ಹುಡುಕುತ್ತಿದ್ದನು. ಅವನಿಗೆ ಸಿಕ್ಕಿದ್ದು ತೀರ ವಿರುದ್ಧವಾದದ್ದು. ನಾಯಿಯ ಯಕೃತ್ತಿನಿಂದ ತೆಗೆದ ಸಾರವು ರಕ್ತವನ್ನು ಹೆಪ್ಪುಗಟ್ಟಗೊಡಲಿಲ್ಲ. ಮುಂದೆ ೧೯೧೮ರಲ್ಲಿ, ಗ್ರೀಕರು ಯಕೃತ್ತಿಗೆ ಹೇಳುವ ಹೆಸರಿನಿಂದಲೇ ಹೆಪಾರಿನ್ ಎಂಬ ಹೆಸರನ್ನು ಹೋವೆಲ್ಲನ ಪ್ರಯೋಗಶಾಲೆಯವರು ಬಳಕೆಗೆ ತಂದರು. ಕೆನಡಾ ಸ್ವೀಡನ್ ದೇಶಗಳ ವಿದ್ವಾಂಸರು ಅದನ್ನು ಶುದ್ಧಗೊಳಿಸಿದ ಮೇಲೆ ೧೯೩೦ರ ದಶಕದಲ್ಲಿ ಅದು ಮನುಷ್ಯರ ಉಪಯೋಗಕ್ಕೆ ಬಂದಿತು. ಇಂದು ಅದನ್ನು ಬಹುತರವಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ.

ಸೋಜಿಗದ ಸಂಗತಿಯು ಮುಂದಿದೆ. ಶರೀರದಲ್ಲಿ ಈ ಹೆಪಾರಿನ್ನು ಎಲ್ಲಿರುವದೆಂದು ಹುಡುಕಿದಾಗ, ಅದು ರಕ್ತದಲ್ಲಿ ಸಿಕ್ಕಲಿಲ್ಲ; ಮಾಸ್ಟ್ ಕಣಗಳೆಂಬ ಕಣಗಳ ಉಗ್ರಾಣದಲ್ಲಿ ಸಿಕ್ಕಿತೆಂದು ೧೯೩೭ರಲ್ಲಿ ಸ್ವೀಡನ್ನಿನ ಶೋಧಕರು ತೋರಿಸಿದರು. ಈ ಕಣಗಳು ಬಾವು ತುರಿಕೆಗಳನ್ನು ಆರಂಭಿಸುವಂಥವು. ಜೇನು ಕಚ್ಚಿದಲ್ಲಿ ಮೈ ಬಾಯುವದು ಇವುಗಳಿಂದಲೇ. ಹೆಪ್ಪನ್ನು ತಡೆಯುವ ದ್ರವ್ಯಕ್ಕೆ ಬಾವಿನ ಮನೆಯಲ್ಲಿ ಏನು ಕೆಲಸ? ಈ ಪ್ರಶ್ನೆಯನ್ನು ಹಿಡಿದು ಹೊರಟವರಿಗೆ ಕಂಡದ್ದೇನೆಂದರೆ, ಬಿಳಿಯ ಕಣಗಳು ನಾಳದ ಗೋಡೆಯನ್ನು ಹಿಡಿದುಕೊಳ್ಳಲು ಉಪಯೋಗಿಸುವ ಸೆಲೆಕ್ಟಿನ್ ಎಂಬ ಕೊಕ್ಕೆಗಳಿಗೆ ಹೆಪಾರಿನ್ನು ತಾನೇ ಅಂಟಿಕೊಂಡು ಅವುಗಳ ಹಿಡಿತವನ್ನು ತಪ್ಪಿಸುತ್ತದೆ. ಕಾವಲುಗಾರರು ಬರುವ ಬಾಗಿಲೇ ಮುಚ್ಚಿದರೆ ಗದ್ದಲವು ಕಡಿಮೆಯಾಗುವದು ಸಹಜ. ಹೆಪ್ಪನ್ನು ತಡೆಯುವ ಗುಣವನ್ನು ತೆಗೆದುಹಾಕಿ, ಬಾವನ್ನು ಇಳಿಸುವ ಗುಣವನ್ನು ಮಾತ್ರ ಉಳಿಸಿಕೊಂಡ ಹೆಪಾರಿನ್ನನ್ನು ತಯಾರಿಸುವ ಯತ್ನಗಳೂ ನಡೆದಿವೆ.

ಆದರೆ ಗಾಜಿನ ನಳಿಕೆಯಲ್ಲಿ ಆದದ್ದು ರೋಗಿಯ ಹಾಸಿಗೆಯಲ್ಲಿ ಆಗಲೇಬೇಕೆಂಬ ನಿಯಮವಿಲ್ಲ. ರಕ್ತವೇ ನಂಜೇರಿದವರಿಗೆ ಹೆಪ್ಪನ್ನೂ ಬಾವನ್ನೂ ಒಟ್ಟಿಗೆ ತಡೆಯುವದೆಂದು ಪ್ರೋಟೀನ್ ಸಿ ಎಂಬ ದ್ರವ್ಯದಿಂದ ಮಾಡಿದ ಒಂದು ಬೆಲೆಬಾಳುವ ಔಷಧಕ್ಕೆ ಅಮೇರಿಕೆಯಲ್ಲಿ ೨೦೦೧ರಲ್ಲಿ ಮನ್ನಣೆ ದೊರೆತಿತ್ತು. ಹತ್ತು ವರ್ಷಗಳ ತರುವಾಯ ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಪ್ರಾಣಗಳು ಉಳಿಯಲಿಲ್ಲವೆಂದು ಕಂಡುಬಂದು, ೨೦೧೧ರಲ್ಲಿ ಅದನ್ನು ಪೇಟೆಯಿಂದಲೇ ಹಿಂದಕ್ಕೆ ತೆಗೆದುಕೊಂಡರು. ಮುಂದೆ ೨೦೨೦ರಲ್ಲಿ ಕೊರೋನಾ ಮಾರಿ ಬಂದಾಗ, ಆ ರೋಗದ ಬಾವು ಪುಪ್ಪುಸದ ಸಣ್ಣ ನಾಳಗಳಲ್ಲಿ ಹೆಪ್ಪುಗಳನ್ನು ಎಬ್ಬಿಸುವದೆಂದು ಜಗತ್ತೇ ನೋಡಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಯವರು ಹೆಪಾರಿನ್ನೆಂಬ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ. ೨೦೨೧ರಲ್ಲಿ ಹಲವು ದೇಶಗಳವರು ಕೂಡಿ ಪ್ರಕಟಿಸಿದ ಪರೀಕ್ಷೆಗಳ ಫಲವು ಗಮನಿಸತಕ್ಕದ್ದು. ದವಾಖಾನೆಗೆ ಸೇರಿದ್ದರೂ ಅತಿ ವಿಷಮ ಸ್ಥಿತಿಗೆ ಹೋಗದಿದ್ದ ೨,೨೦೦ಕ್ಕೂ ಮಿಕ್ಕಿದ ರೋಗಿಗಳಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ನು ಉಪಯೋಗಕ್ಕೆ ಬಂದಿತು. ಅತಿ ವಿಷಮ ಸ್ಥಿತಿಗೆ ಮುಟ್ಟಿದ್ದ ಸುಮಾರು ೧,೧೦೦ ರೋಗಿಗಳಲ್ಲಿ ಬರಲಿಲ್ಲ. ಔಷಧವು ಒಂದೇ, ರೋಗವು ಒಂದೇ. ಕೊಟ್ಟ ಹೊತ್ತು ಬೇರೆ. ಬೆಂಕಿಯು ಗುಡಿಸಲಿನ ಮೂಲೆಯಲ್ಲಿರುವಾಗ ಆರಿಸುವ ಕೊಡದ ನೀರು, ಮಾಳಿಗೆಯೇ ಹೊತ್ತಿದ ಮೇಲೆ ಏನು ಮಾಡೀತು?

ನಮ್ಮಕ್ಕನ ಗುಳಿಗೆಯಾದರೋ ಬೇರೆಯೇ ಕುಲದ್ದು. ಅದರ ಹುಟ್ಟು ದನದ ಕೊಟ್ಟಿಗೆಯಲ್ಲಿ ಆಯಿತೆಂದರೆ ಒಕ್ಕಲಿಗರಾದ ವಾಚಕರಿಗೆ ಆಶ್ಚರ್ಯವಾದೀತು. ೧೯೨೦ರ ದಶಕದಲ್ಲಿ ಉತ್ತರ ಅಮೇರಿಕೆಯಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಮೇವನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯುತ್ತಿದ್ದವು. ೧೯೩೩ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಪ್ರಾಂತದ ಒಬ್ಬ ರೈತನು, ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು, ಸತ್ತ ಆಕಳನ್ನೂ ಆ ಮೇವನ್ನೂ ಹೇರಿಕೊಂಡು, ಹಿಮದ ಬಿರುಗಾಳಿಯಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಬಾಗಿಲಿಗೆ ಬಂದನು. ಲಿಂಕನೂ ಅವನ ಶಿಷ್ಯರೂ ಆರು ವರ್ಷ ದುಡಿದು ೧೯೩೯ರಲ್ಲಿ ಆ ಮೇವಿನೊಳಗಿನ ದ್ರವ್ಯವನ್ನು ಬೇರ್ಪಡಿಸಿದರು. ಅದರ ವಂಶದಲ್ಲಿ ಹುಟ್ಟಿದ ವಾರ್ಫರಿನ್ ೧೯೪೮ರಲ್ಲಿ ಮೊದಲು ಇಲಿಗಳ ಪಾಷಾಣವಾಗಿ ಪೇಟೆಗೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು. ನಮ್ಮ ದೇಶದಲ್ಲಿ ವೈದ್ಯರು ಬಹಳವಾಗಿ ಬರೆದುಕೊಡುವ ಅಸೆನೊಕುಮರಾಲ್ ಇದರ ಸೋದರನೇ.

ಇದು ಹೆಪಾರಿನ್ನಿನಂತೆ ನಾಳದ ಬಾಗಿಲಲ್ಲಿ ನಿಂತು ಕೆಲಸ ಮಾಡುವದಿಲ್ಲ. ಹಸಿರು ಪಲ್ಯಗಳಿಂದ ನಮಗೆ ದೊರೆಯುವ ಕೆ ಜೀವಸತ್ವವನ್ನು ಯಕೃತ್ತು ಮತ್ತೆ ಮತ್ತೆ ಬಳಸದಂತೆ ಮಾಡಿ, ಹೆಪ್ಪುಗಟ್ಟಿಸುವ ದ್ರವ್ಯಗಳ ಉತ್ಪತ್ತಿಯನ್ನೇ ಇದು ಕುಗ್ಗಿಸುತ್ತದೆ. ಆದುದರಿಂದಲೇ ಇದು ಹತ್ತಲಿಕ್ಕೆ ಕೆಲವು ದಿವಸಗಳು ಬೇಕು. ಅಷ್ಟೇ ಅಲ್ಲ, ಹೆಪ್ಪನ್ನೂ ಬಾವನ್ನೂ ಹದ್ದಿನಲ್ಲಿಡುವ, ಮೇಲೆ ಹೇಳಿದ ಪ್ರೋಟೀನ್ ಸಿ ಎಂಬದೂ ಇದೇ ಜೀವಸತ್ವದಿಂದ ಆಗುವಂಥದು, ಗುಳಿಗೆಯು ಅದನ್ನೂ ಕುಗ್ಗಿಸುತ್ತದೆ. ಹೀಗಿರಲು ಈ ಗುಳಿಗೆಯಿಂದ ಮೊಣಕಾಲ ಬಾವು ಇಳಿಯಬೇಕೆಂದು ಬಯಸುವದು ವ್ಯರ್ಥ. ಅದಲ್ಲದೆ ವಯಸ್ಸಿನಿಂದ ಸವೆದ ಮೊಣಕಾಲಿನ ನೋವು ಹೆಪ್ಪುಗಟ್ಟಿದ ರಕ್ತದಿಂದ ಬಂದುದಲ್ಲ. ಲೋಹದ ಕವಾಟದ ಮೇಲೆ ಹೆಪ್ಪು ಕೂಡದಂತೆ ನೋಡುವದೊಂದೇ ಆ ಗುಳಿಗೆಯ ಕೆಲಸ. ಇದನ್ನು ನಾವು ಅಕ್ಕನಿಗೆ ತಿಳಿಸಿ ಹೇಳಿದೆವು. “ಹಂಗಾರ ಅದರ ಕೆಲಸ ಅದು ಮಾಡಲಿ” ಎಂದು ಅವಳು ಒಪ್ಪಿಕೊಂಡಳು.

ಆದರೆ ನೋವು ತರ್ಕವನ್ನು ಕೇಳುವದಿಲ್ಲ. ಮರುವರ್ಷ ಮಳೆಗಾಲದಲ್ಲಿ ಕಾಲು ಹೆಚ್ಚಾಗಿ ನೊಂದಾಗ, ಯಾರೋ ಹೇಳಿದರೆಂದು ಒಂದು ಅಂಗಡಿಯಿಂದ ಬಾವು ಇಳಿಸುವ ಗುಳಿಗೆಗಳನ್ನು ತರಿಸಿಕೊಂಡು ಎರಡು ವಾರ ನುಂಗಿದಳು. ನೋವೇನೋ ಇಳಿಯಿತು. ಆಮೇಲೆ ಕಣ್ಣಿಗೆ ಕತ್ತಲೆ ಬರತೊಡಗಿತು. ಮಲವು ಡಾಂಬರಿನಂತೆ ಕಪ್ಪಾಯಿತು. ವಿಜಯಪುರಕ್ಕೆ ಒಯ್ದಾಗ, ಜಠರದಲ್ಲಿ ಹುಣ್ಣಾಗಿ ಒಳಗೊಳಗೇ ರಕ್ತವು ಸೋರುತ್ತಿದೆ ಎಂದು ತಿಳಿದುಬಂದಿತು. ಅವಳ ತಿಂಗಳ ಪರೀಕ್ಷೆಯ ಅಂಕಿಯು ಮಾತ್ರ ಸರಿಯಾದ ಮಿತಿಯಲ್ಲಿಯೇ ಇತ್ತು! ಆ ಅಂಕಿಯು ಹೆಪ್ಪಿನ ವೇಗವನ್ನು ಹೇಳುತ್ತದೆ. ಹೊಟ್ಟೆಯ ಹುಣ್ಣನ್ನು ಹೇಳುವದಿಲ್ಲ. ಬಾವಿನ ಗುಳಿಗೆಗಳಾದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದವು ಜಠರದ ಒಳಗಿನ ಪೊರೆಯನ್ನು ಕೊರೆಯುತ್ತವೆ; ರಕ್ತದ ಗುಳಿಗೆಯು ಆ ಕೊರೆತವನ್ನು ಮುಚ್ಚಗೊಡುವದಿಲ್ಲ. ಒಂದೊಂದೂ ತಾನಾಗಿ ಮಿತ್ರನಿದ್ದೀತು. ಎರಡೂ ಕೂಡಿದರೆ ವೈರಿಗಳು. ದೇವರ ದಯೆಯಿಂದಲೂ ವೈದ್ಯರ ಶ್ರಮದಿಂದಲೂ, ಪರಿಚಯವಿಲ್ಲದ ದಾನಿಗಳು ಕೊಟ್ಟ ರಕ್ತದಿಂದಲೂ ಅಕ್ಕನು ಉಳಿದಳು.

“ಹೊಸ ಗುಳಿಗೆಗಳು ಬಂದಿವೆಯಂತೆ, ಅವಕ್ಕೆ ತಿಂಗಳ ಪರೀಕ್ಷೆಯೂ ಬೇಡವಂತೆ” ಎಂದು ಕೆಲವರು ಕೇಳುತ್ತಾರೆ. ಬಂದಿರುವದು ನಿಜ; ಬಹಳ ರೋಗಿಗಳಿಗೆ ಅವು ಉಪಕಾರಿಗಳೂ ಹೌದು. ಆದರೆ ಲೋಹದ ಕವಾಟವುಳ್ಳವರಿಗೆ ದಬಿಗಟ್ರಾನ್ ಎಂಬ ಹೊಸ ಗುಳಿಗೆಯನ್ನು ಕೊಟ್ಟು ನೋಡಿದ ಪರೀಕ್ಷೆಯನ್ನು, ಹೆಪ್ಪೂ ಸ್ರಾವವೂ ಎರಡೂ ಹೆಚ್ಚಾದುದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದರ ಫಲವು ೨೦೧೩ರಲ್ಲಿ ಪ್ರಕಟವಾಯಿತು. ಸಂಧಿವಾತ ಜ್ವರದಿಂದ ಹೃದಯ ಕೆಟ್ಟು ನಾಡಿಯು ತಾಳ ತಪ್ಪಿದ ಸುಮಾರು ೪,೫೦೦ ರೋಗಿಗಳನ್ನು ೨೪ ದೇಶಗಳಲ್ಲಿ ಪರೀಕ್ಷಿಸಿ ೨೦೨೨ರಲ್ಲಿ ಪ್ರಕಟಿಸಿದ ಇನ್ನೊಂದು ಶೋಧದಲ್ಲಿ, ಹೊಸ ರಿವರೋಕ್ಸಬನ್ನಿಗಿಂತ ಹಳೆಯ ಗುಳಿಗೆಯನ್ನು ತಿಂದವರಲ್ಲಿಯೇ ಸಾವು ಕಡಿಮೆಯಾಗಿ ಕಂಡಿತು. ಹೊಸದೆಲ್ಲವೂ ಮೇಲಲ್ಲ, ಹಳೆಯದೆಲ್ಲವೂ ಕೀಳಲ್ಲ ಎಂಬ ಮಾತಿಗೆ ವೈದ್ಯಶಾಸ್ತ್ರವೂ ಹೊರತಲ್ಲ.

ಆದಕಾರಣ ಇಂಥ ರೋಗಿಯಿರುವ ಮನೆಯವರು ಕೆಲವು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು. ಗುಳಿಗೆಯನ್ನು ದಿನಾಲು ಒಂದೇ ಹೊತ್ತಿಗೆ ಕೊಡಬೇಕು. ತಪ್ಪಿದರೆ ಮರುದಿನ ಎರಡು ಕೊಡಬಾರದು. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿಯು ಆರೋಗ್ಯವಂತರಲ್ಲಿ ಸುಮಾರು ೧ ಇರುತ್ತದೆ. ಗುಳಿಗೆ ತಿನ್ನುವವರಲ್ಲಿ ಅದು ಸಾಧಾರಣವಾಗಿ ೨ರಿಂದ ೩, ಕೆಲವು ಕವಾಟಗಳಿಗೆ ೨.೫ರಿಂದ ೩.೫ರ ತನಕ ಇರಬೇಕಾಗುವದು. ತಮ್ಮ ರೋಗಿಯ ಮಿತಿಯೆಷ್ಟೆಂಬದನ್ನು ವೈದ್ಯರಿಂದ ಬರೆಯಿಸಿಕೊಂಡು ಗೋಡೆಗೆ ಅಂಟಿಸಬೇಕು. ಬಸುರಿಯಾಗಬಹುದಾದ ಹೆಣ್ಣುಮಕ್ಕಳು ಈ ಗುಳಿಗೆಯನ್ನು ತಿನ್ನುತ್ತಿದ್ದರೆ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಬೇಕು. ಇದು ಗರ್ಭಕ್ಕೆ ಬಾಧಕವು.

ಊಟದ ವಿಷಯದಲ್ಲಿ, ಹಸಿರು ಪಲ್ಯವನ್ನು ಬಿಡಬೇಕೆಂದಿಲ್ಲ. ಒಂದೇ ಅಳತೆಯಲ್ಲಿ ಉಣ್ಣಬೇಕು. ಬೇಸಗೆಯಲ್ಲೆಲ್ಲ ಬರಿಯ ಬೇಳೆಯನ್ನುಂಡು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗಿನಿಂದ ದಿನಾಲು ಕಡಲೆಯ ಕುಡಿ, ಮೆಂತೆ, ರಾಜಗಿರಿಗಳನ್ನು ತಾಟು ತುಂಬ ತಿನ್ನತೊಡಗಿದರೆ, ಗುಳಿಗೆಯ ಬಲವು ಕುಂದಿ ಅಂಕಿಯು ಇಳಿಯುವದು. ಹಬ್ಬದ ಒಂದು ತುತ್ತಿಗೆ ಹೆದರಬೇಕಾಗಿಲ್ಲ. ಒಮ್ಮೆಲೆ ಆಗುವ ಬದಲಾವಣೆಗೆ ಹೆದರಬೇಕು. ಲಿಂಬೆಯ ಮುಳ್ಳು ಗೀರಿದರೆ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ತಲೆಗೆ ಪೆಟ್ಟು ಬಿದ್ದರೆ, ಮಲವು ಕಪ್ಪಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಹೊತ್ತು ಗೊತ್ತು ನೋಡದೆ ದವಾಖಾನೆಗೆ ಹೊರಡಬೇಕು. ನೋವಿನ ಗುಳಿಗೆ, ಜ್ವರದ ಗುಳಿಗೆ, ನಾಟಿ ಔಷಧ, ಯಾವುದೇ ಇರಲಿ, “ನಾವು ರಕ್ತದ ಗುಳಿಗೆಯನ್ನು ತಿನ್ನುವವರು” ಎಂದು ಮೊದಲು ಹೇಳಿ, ಆಮೇಲೆ ಕೈಚಾಚಬೇಕು. ಹೃದ್ರೋಗಿಗಳಿಗಾಗಿ ಬೆಂಗಳೂರಿನ ಜಯದೇವ ಸಂಸ್ಥೆಯ ಶಾಖೆಯು ಈಗ ಕಲಬುರ್ಗಿಯಲ್ಲಿಯೂ ಇರುವದು ನಮ್ಮ ಭಾಗದವರಿಗೆ ದೊಡ್ಡ ಅನುಕೂಲವೇ. ಆದರೆ ಬೆಳಗು ಬೈಗು ರೋಗಿಯನ್ನು ಕಾಯುವವರು ಮನೆಯವರೇ.

ಕಡೆಗೆ ಒಂದು ಮಾತು. ಈ ಎಲ್ಲ ಗುಳಿಗೆ, ಕವಾಟ, ಪರೀಕ್ಷೆಗಳ ಮೂಲವು ಒಂದು ಬಾವಿನಲ್ಲಿಯೇ ಇದ್ದಿತೆಂಬದನ್ನು ಮರೆಯಲಾಗದು. ಅದು ಐದರಿಂದ ಹದಿನೈದು ವರ್ಷದೊಳಗಿನ ಮಗುವಿನ ಗಂಟಲ ಬಾವು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುವ ಆ ಬಾವಿಗೆ ಸಕಾಲದಲ್ಲಿ ಪೆನಿಸಿಲಿನ್ ದೊರೆತರೆ ಸಂಧಿವಾತ ಜ್ವರವು ಬರುವದಿಲ್ಲ. ಜ್ವರವು ಬಂದುಹೋದ ಮಗುವಿಗೂ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚಿಸುತ್ತ ಹೋದರೆ ಅದು ಮರುಕಳಿಸಿ ಹೃದಯವನ್ನು ಇನ್ನಷ್ಟು ಕೆಡಿಸುವದು ತಪ್ಪುತ್ತದೆ. ಹೆಪ್ಪಿಗೂ ಬಾವಿಗೂ ಇರುವ ನಂಟನ್ನು ಪಂಡಿತರು ಬಿಡಿಸುತ್ತಿರಲಿ. ಅದು ಅವರ ಕೆಲಸ. ಗಂಟಲು ನೊಂದು ಜ್ವರ ಬಂದ ಮಗುವನ್ನು “ಥಂಡಿಯಾಗಿದೆ” ಎಂದು ಮಲಗಿಸಿಬಿಡದೆ ವೈದ್ಯರಿಗೆ ತೋರಿಸುವದು, ಸಂಧಿಗಳು ಬಾತರೆ ಅಲಕ್ಷ್ಯ ಮಾಡದಿರುವದು ಗೃಹಸ್ಥರ ಕೆಲಸ. ಇಷ್ಟು ಮಾಡಿದ ಮನೆಯಲ್ಲಿ ಮುಂದೆ ನಲವತ್ತು ವರ್ಷಗಳ ಮೇಲೆ ಒಂದು ಗುಳಿಗೆಯ ಡಬ್ಬಿಯು ಕಡಿಮೆಯಾದೀತು.